ಬೆಲ್ಲವೂ ಬೆವರೂ

ಚೈತ್ರಮಾಸದಲ್ಲಿ ಬೆಂಗಳೂರಿನ ಹಳೆಯ ಪೇಟೆಗೆ ಒಂದು ವಾರದೊಳಗಾಗಿ ಎರಡು ಹಬ್ಬಗಳು ಬರುತ್ತವೆ. ಶುದ್ಧ ನವಮಿಯಂದು ರಾಮನವಮಿ; ಅದಾದ ಆರನೆಯ ದಿನ, ಹುಣ್ಣಿಮೆಯ ರಾತ್ರಿ, ಕರಗ. ಮೊದಲನೆಯದು ಪಾನಕದ ಹಬ್ಬ. ಬೆಲ್ಲವನ್ನು ನೀರಿನಲ್ಲಿ ಕದಡಿ, ಮೆಣಸು ಶುಂಠಿ ಏಲಕ್ಕಿಗಳನ್ನು ಕುಟ್ಟಿ ಹಾಕಿ, ನಿಂಬೆಹಣ್ಣು ಹಿಂಡಿ, ಬಿಸಿಲಿನಲ್ಲಿ ನಡೆದು ಬಂದವರಿಗೆಲ್ಲ ಲೋಟ ತುಂಬ ಕೊಡುವ ಹಬ್ಬ. ಎರಡನೆಯದು ಕಾಲ್ನಡಿಗೆಯ ಹಬ್ಬ. ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಾಲಯದಿಂದ ನಡುರಾತ್ರಿ ಕಳೆದ ಮೇಲೆ ಹೊರಡುವ ಹೂವಿನ ಕರಗ, ವೀರಕುಮಾರರ ಕತ್ತಿಗಳ ನಡುವೆ ಪೇಟೆಯಿಂದ ಪೇಟೆಗೆ ಸಾಗಿ, ಮಸ್ತಾನ್ ಸಾಬರ ದರ್ಗಾದ ಬಳಿ ನಿಂತು, ಬಳೇಪೇಟೆಯ ವೃತ್ತವನ್ನು ದಾಟಿ, ಅಣ್ಣಮ್ಮನ ಗುಡಿ, ಕಿಲಾರಿ ರಸ್ತೆಗಳ ದಾರಿ ಹಿಡಿದು, ಬೆಳಗಾದ ಮೇಲೆ ಗುಡಿಗೆ ಮರಳುತ್ತದೆ. ತಲೆಯ ಮೇಲಿನ ಭಾರಕ್ಕೆ ಕೈ ಸೋಕಿಸದೆ ರಾತ್ರಿಯಿಡೀ ನಡೆಯುವುದು ಭಕ್ತಿಯ ಮಾತು ಹೌದು. ಅದರೊಡನೆ ದೇಹದ ಮಾತೂ ಹೌದು. ಅದಕ್ಕೆ ತಿಂಗಳುಗಳ ಸಾಧನೆ ಬೇಕು.

ಹೀಗೆ ಒಂದೇ ಬೀದಿಯಲ್ಲಿ, ಒಂದೇ ವಾರದಲ್ಲಿ, ಸಿಹಿಯೂ ಶ್ರಮವೂ ಹಾದುಹೋಗುತ್ತವೆ. ಇವೆರಡಕ್ಕೂ ನಂಟುಂಟೆ? ಬಳಲಿ ಬಂದವನ ಕೈಗೆ ಬೆಲ್ಲದ ತುಂಡನ್ನೂ ನೀರಿನ ಚೊಂಬನ್ನೂ ಕೊಡುವುದು ನಮ್ಮ ನಾಡಿನ ಹಳೆಯ ಮರ್ಯಾದೆ. ಅದು ಬರಿಯ ಉಪಚಾರವೋ, ಅದರಲ್ಲಿ ದೇಹಕ್ಕೆ ಸಲ್ಲುವ ನಿಜವೇನಾದರೂ ಇದೆಯೋ ಎಂಬ ಪ್ರಶ್ನೆಗೆ ಉತ್ತರ ಸಿಗಲು ವಿಜ್ಞಾನಿಗಳಿಗೆ ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಆ ಉತ್ತರದ ಚರಿತ್ರೆ ಸ್ವಾರಸ್ಯವಾದುದು. ಅದರ ಕೊನೆಯಲ್ಲಿ ನಮ್ಮಂಥ ಪಟ್ಟಣವಾಸಿಗಳಿಗೆ ಒಂದು ಎಚ್ಚರಿಕೆಯೂ ಇದೆ.

ಸಕ್ಕರೆ ನಮಗೆ ಹೊರಗಿನಿಂದ ಬಂದ ವಸ್ತುವಲ್ಲ. ಸಂಸ್ಕೃತದ ‘ಶರ್ಕರಾ’ ಎಂದರೆ ಮರಳು, ಹರಳು. ಆ ಪದವೇ ನಮ್ಮಲ್ಲಿ ಸಕ್ಕರೆಯಾಯಿತು. ಪಾರಸಿ, ಅರಬ್ಬಿ ಭಾಷೆಗಳನ್ನು ದಾಟಿ ಇಂಗ್ಲಿಷಿನಲ್ಲಿ ಶುಗರ್ ಆಯಿತು. ಮೈಸೂರು ಸೀಮೆಯಲ್ಲಿ ಕಬ್ಬಿನ ಗಾಣ ಹಳೆಯದು. ಆದರೆ ಬಿಳಿಯ ಸಕ್ಕರೆ ಮನೆಮನೆಯ ಡಬ್ಬಿಗೆ ಬಂದುದು ಈಚೆಗೆ. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ, ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ಅವರ ಪ್ರಯತ್ನದಿಂದ, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಗಿ ಮಂಡ್ಯದ ಕಾರ್ಖಾನೆ ಎದ್ದಿತು. ಕಾವೇರಿಯ ನಾಲೆಯ ನೀರು ಕಬ್ಬಾಯಿತು, ಕಬ್ಬು ಸಕ್ಕರೆಯಾಯಿತು, ಸಕ್ಕರೆ ಬೆಂಗಳೂರಿನ ಕಾಫಿಯಾಯಿತು. ಅದುವರೆಗೆ ಹಬ್ಬಕ್ಕೋ ಅತಿಥಿಗೋ ಮೀಸಲಾಗಿದ್ದ ಪದಾರ್ಥ ದಿನಕ್ಕೆ ನಾಲ್ಕು ಸಲದ ಅಭ್ಯಾಸವಾಯಿತು.

ಆದರೆ ಬಲವೆಂಬ ಮಾತು ಬಂದಾಗ ನಮ್ಮ ಹಿರಿಯರು ಸಕ್ಕರೆಯ ಹೆಸರೆತ್ತುತ್ತಿರಲಿಲ್ಲ. ಗರಡಿಯ ಪೈಲ್ವಾನನೆಂದರೆ ಹಾಲು, ತುಪ್ಪ, ಬಾದಾಮಿ. ಮೈಯಲ್ಲಿ ಮಾಂಸ ತುಂಬಿದರೆ ಬಲ ತುಂಬಿತೆಂದೇ ಭಾವನೆ. ಇದು ನಮ್ಮವರದಷ್ಟೇ ಅಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪಿನ ರಸಾಯನಶಾಸ್ತ್ರಕ್ಕೆ ಗುರುವೆನಿಸಿದ್ದ ಜರ್ಮನಿಯ ಲೀಬಿಗ್ ಪಂಡಿತನೂ ಇದನ್ನೇ ಶಾಸ್ತ್ರದ ಮಾತಿನಲ್ಲಿ ಹೇಳಿದ್ದ. ಸ್ನಾಯು ದುಡಿಯುವಾಗ ತನ್ನ ಮಾಂಸವನ್ನೇ ಉರಿಸಿಕೊಳ್ಳುತ್ತದೆ, ಆದುದರಿಂದ ದುಡಿಯುವವನಿಗೆ ಮಾಂಸದಂಥ ಸಸಾರಜನಕ ಆಹಾರವೇ ಇಂಧನ ಎಂಬುದು ಅವನ ಮತ.

ಆ ಮತವನ್ನು ಕೆಡವಿದವರು ಬೆಟ್ಟ ಹತ್ತಿದ ಇಬ್ಬರು ಪ್ರಾಧ್ಯಾಪಕರು. 1865ರಲ್ಲಿ ಫಿಕ್ ಮತ್ತು ವಿಸ್ಲಿಸೇನಸ್ ಎಂಬುವರು ಸ್ವಿಟ್ಸರ್ಲೆಂಡಿನ ಫೌಲ್‌ಹಾರ್ನ್ ಶಿಖರವನ್ನು ಏರಿದರು. ಹತ್ತುವ ಮುನ್ನಾದಿನದಿಂದ ಅವರು ಮಾಂಸ, ಹಾಲು, ಕಾಳುಗಳನ್ನು ಮುಟ್ಟಲಿಲ್ಲ. ಪಿಷ್ಟದ ಹಿಟ್ಟನ್ನು ಕೊಬ್ಬಿನಲ್ಲಿ ಕರಿದ ರೊಟ್ಟಿ, ಸಕ್ಕರೆ ಹಾಕಿದ ಚಹ, ಇಷ್ಟೇ ಆಹಾರ. ದಾರಿಯುದ್ದಕ್ಕೂ ತಮ್ಮ ಮೂತ್ರವನ್ನು ಶೇಖರಿಸಿ, ಅದರಲ್ಲಿದ್ದ ಸಾರಜನಕದಿಂದ ದೇಹ ಎಷ್ಟು ಸಸಾರಜನಕವನ್ನು ಉರಿಸಿತೆಂದು ಲೆಕ್ಕಹಾಕಿದರು. 1900 ಮೀಟರಿಗೂ ಮೀರಿದ ಏರನ್ನು ಹತ್ತಲು ಬೇಕಾದ ಶಕ್ತಿಗೆ ಆ ಮೊತ್ತ ಏನೇನೂ ಸಾಲದಾಗಿತ್ತು. ಹಾಗಾದರೆ ಅವರನ್ನು ಬೆಟ್ಟದ ತುದಿಗೆ ಒಯ್ದುದು ಪಿಷ್ಟ, ಸಕ್ಕರೆ, ಕೊಬ್ಬುಗಳೇ ಎಂದಾಯಿತು. ಪೈಲ್ವಾನನ ಹಾಲು ಬಾದಾಮಿಗಳು ಯಂತ್ರವನ್ನು ಕಟ್ಟುವ ಕಬ್ಬಿಣ. ಯಂತ್ರವನ್ನು ಓಡಿಸುವ ಸೌದೆ ಬೇರೆ.

ಆ ಸೌದೆಯ ಉಗ್ರಾಣವನ್ನು ಅಷ್ಟರಲ್ಲೇ ಫ್ರಾನ್ಸಿನ ಕ್ಲೋಡ್ ಬರ್ನಾರ್ ಕಂಡುಹಿಡಿದಿದ್ದ. ಪಿತ್ತಜನಕಾಂಗದಲ್ಲಿ ಸಕ್ಕರೆಯು ಗಂಟುಕಟ್ಟಿದ ರೂಪದಲ್ಲಿ ಕೂಡಿರುತ್ತದೆಂದು ತೋರಿಸಿ, 1857ರಲ್ಲಿ ಆ ವಸ್ತುವನ್ನು ಬೇರ್ಪಡಿಸಿದ. ಅದೇ ಗ್ಲೈಕೋಜನ್. ಈಗ ತಿಳಿದಿರುವಂತೆ ಚೆನ್ನಾಗಿ ಉಂಡ ಮನುಷ್ಯನ ಪಿತ್ತಜನಕಾಂಗದಲ್ಲಿ ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ ಸುಮಾರು 400 ಗ್ರಾಂ ಗ್ಲೈಕೋಜನ್ ಇರುತ್ತದೆ. ರಕ್ತದಲ್ಲಿ ಹರಿಯುವ ಗ್ಲೂಕೋಸಾದರೋ ಎಲ್ಲ ಕೂಡಿ ಒಂದು ಟೀ ಚಮಚದಷ್ಟು. ಕೊಬ್ಬಿನ ಕೋಠಿ ಬಹಳ ದೊಡ್ಡದು. ತೆಳ್ಳಗಿನವನಲ್ಲಿಯೂ ದಿನಗಟ್ಟಲೆ ನಡೆಯಲು ಸಾಕಾಗುವಷ್ಟಿರುತ್ತದೆ. ಆದರೆ ಕೊಬ್ಬು ನಿಧಾನವಾಗಿ ಉರಿಯುತ್ತದೆ, ಅಷ್ಟೇ ಶಕ್ತಿಗೆ ಹೆಚ್ಚು ಆಮ್ಲಜನಕವನ್ನು ಬೇಡುತ್ತದೆ. ನಡಿಗೆಗೆ ಅದು ಸಾಕು. ಉಸಿರುಗಟ್ಟಿಸುವ ಓಟಕ್ಕೆ ಗ್ಲೈಕೋಜನ್ನೇ ಬೇಕು. ದೊಡ್ಡ ಕೋಠಿಯ ಬಾಗಿಲು ಕಿರಿದು, ಚಿಕ್ಕ ಕೋಠಿಯ ಬಾಗಿಲು ಅಗಲ. ದೂರದ ಓಟಗಾರನ ಕಷ್ಟವೆಲ್ಲ ಇದರಲ್ಲಿ ಅಡಗಿದೆ.

ಈ ಕಷ್ಟವನ್ನು ಮೈಯಲ್ಲಿ ಅನುಭವಿಸಿದವರಲ್ಲಿ ಕನ್ನಡ ನಾಡಿನವನೊಬ್ಬನಿದ್ದಾನೆ. ಪುಣೆಯ ಡೆಕ್ಕನ್ ಜಿಮಖಾನಾದ ಪಂದ್ಯಗಳಲ್ಲಿ ಹಳ್ಳಿಯ ಹುಡುಗರು ಬರಿಗಾಲಲ್ಲಿ ಓಡುವುದನ್ನು ಕಂಡು ಬೆರಗಾದ ಸರ್ ದೊರಾಬ್ಜಿ ತಾತಾ ಅವರು ಭಾರತದಿಂದ ಒಂದು ಸಣ್ಣ ತಂಡವನ್ನು 1920ರ ಆಂಟ್‌ವರ್ಪ್ ಒಲಿಂಪಿಕ್ಸಿಗೆ ಕಳುಹಿಸಲು ಮುಂದಾದರು. ಆ ತಂಡದಲ್ಲಿ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಇದ್ದರು. ಬೆಳಗಾವಿ ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದಿತು. ಬೆಲ್ಜಿಯಮ್ಮಿನ ಅಪರಿಚಿತ ಹವೆಯಲ್ಲಿ, 42 ಕಿಲೋಮೀಟರಿಗೂ ಮೀರಿದ ಆ ಮ್ಯಾರಥಾನನ್ನು ಚೌಗುಲೆ 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಮುಗಿಸಿ 19ನೆಯವರಾಗಿ ಬಂದರು. ಗೆದ್ದವನು ಫಿನ್ಲೆಂಡಿನ ಕೋಲೆಮೈನೆನ್. ಅವನಿಗೆ ಹಿಡಿದದ್ದು 2 ಗಂಟೆ 32 ನಿಮಿಷ. ಭಾರತದಿಂದ ಒಲಿಂಪಿಕ್ ಮ್ಯಾರಥಾನನ್ನು ಓಡಿದ ಮೊದಲಿಗರಲ್ಲಿ ಬೆಳಗಾವಿಯ ಈ ಓಟಗಾರನ ಹೆಸರು ನಮ್ಮಲ್ಲಿ ಇನ್ನಷ್ಟು ಮಂದಿಗೆ ತಿಳಿದಿರಬೇಕಾಗಿತ್ತು.

ಆ ಕಾಲದಲ್ಲಿ ಓಡುವವನಿಗೆ ದಾರಿಯಲ್ಲಿ ಏನು ಕೊಡಬೇಕೆಂಬ ವಿಷಯದಲ್ಲಿ ಜಗತ್ತಿಗೆ ಜಗತ್ತೇ ಕತ್ತಲಲ್ಲಿತ್ತು. 1904ರ ಸೇಂಟ್ ಲೂಯಿಸ್ ಒಲಿಂಪಿಕ್ಸಿನಲ್ಲಿ ಗೆದ್ದ ಹಿಕ್ಸ್ ಎಂಬ ಓಟಗಾರನಿಗೆ ಅವನ ಹಿತೈಷಿಗಳು ಕೊಟ್ಟದ್ದು ಸ್ಟ್ರಿಕ್ನೀನ್ ಎಂಬ ವಿಷ, ಕೋಳಿಮೊಟ್ಟೆಯ ಬಿಳಿ, ಬ್ರಾಂದಿ! ಅವನು ಗುರಿ ಮುಟ್ಟುವ ಹೊತ್ತಿಗೆ ಅರೆಪ್ರಜ್ಞೆಯಲ್ಲಿದ್ದ. ರಾಮನವಮಿಯ ಒಂದು ಲೋಟ ಪಾನಕ ಅವನಿಗೆ ಇದೆಲ್ಲಕ್ಕಿಂತ ಲೇಸಾಗುತ್ತಿತ್ತು. ಆದರೆ ಲೇಸೆಂದು ಹೇಳುವ ಆಧಾರ ಆಗ ಯಾರಲ್ಲಿಯೂ ಇರಲಿಲ್ಲ.

ಆ ಆಧಾರ ದೊರೆತುದು ಅಮೆರಿಕದ ಬಾಸ್ಟನ್ ನಗರದಲ್ಲಿ. ಬ್ಯಾಂಟಿಂಗ್ ಮತ್ತು ಬೆಸ್ಟ್ 1921ರಲ್ಲಿ ಇನ್ಸುಲಿನ್ನನ್ನು ಕಂಡುಹಿಡಿದ ಮೇಲೆ, ಆ ಮದ್ದು ಹೆಚ್ಚಾದರೆ ರಕ್ತದ ಸಕ್ಕರೆ ಇಳಿದು ರೋಗಿಗೆ ನಡುಕ, ಬಿಳಿಚಿಕೆ, ಮತಿಭ್ರಮೆಗಳು ಬರುವುದು ವೈದ್ಯರ ಅನುಭವಕ್ಕೆ ಬಂದಿತ್ತು. ಮ್ಯಾರಥಾನಿನ ಕೊನೆಯಲ್ಲಿ ಕುಸಿದುಬೀಳುವವರ ಮುಖದಲ್ಲಿಯೂ ಇದೇ ಚಿಹ್ನೆಗಳು ತೋರುತ್ತಿದ್ದುವು. 1924ರ ಬಾಸ್ಟನ್ ಮ್ಯಾರಥಾನಿನಲ್ಲಿ ಲೆವಿನ್ ಮತ್ತು ಅವರ ಸಂಗಡಿಗರು ಕೆಲವು ಓಟಗಾರರ ರಕ್ತವನ್ನು ಪರೀಕ್ಷಿಸಿದಾಗ, ಬಹಳ ಬಳಲಿದವರ ರಕ್ತದಲ್ಲಿ ಸಕ್ಕರೆ ತೀರ ಇಳಿದಿರುವುದು ಕಂಡಿತು. ಮರುವರ್ಷ ಓಟಗಾರರಿಗೆ ಮುನ್ನಾದಿನ ಪಿಷ್ಟಪದಾರ್ಥಗಳನ್ನು ಹೆಚ್ಚಾಗಿ ತಿನ್ನಿಸಿ, ಓಟದ ನಡುವೆ ಮಿಠಾಯಿ ಕೊಟ್ಟು ನೋಡಿದರು. ಸಕ್ಕರೆ ಇಳಿಯಲಿಲ್ಲ; ಗುರಿ ಮುಟ್ಟಿದಾಗ ಅವರ ಸ್ಥಿತಿಯೂ ಮೊದಲಿಗಿಂತ ಬಹಳ ಚೆನ್ನಾಗಿತ್ತು. ದಣಿದವನಿಗೆ ಬೆಲ್ಲ ಕೊಡುವ ಹಳೆಯ ಮರ್ಯಾದೆಗೆ ಪ್ರಯೋಗಶಾಲೆಯ ಮುದ್ರೆ ಬಿದ್ದುದು ಹೀಗೆ, 1925ರಲ್ಲಿ.

ಅದೇ ಊರಿನಲ್ಲಿ ಆ ವರ್ಷಗಳಲ್ಲಿ ನಮ್ಮ ನೆರೆನಾಡಿನ ತರುಣನೊಬ್ಬ ಹೊಟ್ಟೆಪಾಡಿಗೆ ಆಸ್ಪತ್ರೆಯಲ್ಲಿ ದುಡಿಯುತ್ತ ವಿದ್ಯಾಭ್ಯಾಸ ನಡೆಸಿದ್ದ. ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಅವನೂ ಹಾರ್ವರ್ಡಿನ ಫಿಸ್ಕೆಯೂ ಸೇರಿ ಸ್ನಾಯುವಿನಲ್ಲಿ ಕ್ಷಣಮಾತ್ರದ ಶಕ್ತಿಯನ್ನು ಹಿಡಿದಿಡುವ ರಂಜಕದ ಸಂಯುಕ್ತಗಳನ್ನು ಬೆಳಕಿಗೆ ತಂದರು. ಅವುಗಳಲ್ಲೊಂದು 1929ರಲ್ಲಿ ಪ್ರಕಟವಾದ ಎಟಿಪಿ. ಜರ್ಮನಿಯ ಲೋಮನ್ ಕೂಡ ಅದೇ ವರ್ಷ ಅದನ್ನು ಕಂಡಿದ್ದ. ಸಕ್ಕರೆಯಾಗಲಿ ಕೊಬ್ಬಾಗಲಿ ನೇರವಾಗಿ ಸ್ನಾಯುವನ್ನು ಎಳೆಯುವುದಿಲ್ಲ; ಉರಿದು ಎಟಿಪಿ ಎಂಬ ಚಿಲ್ಲರೆ ನಾಣ್ಯವಾಗಬೇಕು. ಸಕ್ಕರೆಯನ್ನು ಬೇಗ ಮುರಿಸಬಹುದು, ಕೊಬ್ಬನ್ನು ಮುರಿಸಲು ತಡ. ಓಟದ ವೇಗ ನಿರ್ಧಾರವಾಗುವುದು ಈ ಚಿಲ್ಲರೆಯ ಅಂಗಡಿಯಲ್ಲಿಯೇ.

ಮುಂದಿನ ಹೆಜ್ಜೆಗಳನ್ನಿಟ್ಟವರು ಉತ್ತರ ಯೂರೋಪಿನವರು. 1939ರಲ್ಲಿ ಡೆನ್ಮಾರ್ಕಿನ ಕ್ರಿಸ್ಟೆನ್ಸನ್ ಮತ್ತು ಹಾನ್ಸನ್, ಪಿಷ್ಟ ಹೆಚ್ಚಾಗಿ ತಿಂದವನು ಕೊಬ್ಬು ಹೆಚ್ಚಾಗಿ ತಿಂದವನಿಗಿಂತ ಎರಡು ಪಟ್ಟಿಗೂ ಮೀರಿ ಹೊತ್ತು ದುಡಿಯಬಲ್ಲನೆಂದು ತೋರಿಸಿದರು. 1966ರಲ್ಲಿ ಸ್ವೀಡನ್ನಿನ ಬೆರ್ಗ್‌ಸ್ಟ್ರೋಮ್ ಮತ್ತು ಹುಲ್ಟ್‌ಮನ್ ತಮ್ಮ ದೇಹಗಳ ಮೇಲೆಯೇ ಒಂದು ಪ್ರಯೋಗ ನಡೆಸಿದರು. ಒಂದೇ ಸೈಕಲಿನ ಎರಡು ಪಕ್ಕಗಳಲ್ಲಿ ಕುಳಿತು ಒಬ್ಬೊಬ್ಬರೂ ಒಂದೊಂದು ಕಾಲಿನಿಂದ ಮಾತ್ರ, ಸೋಲುವವರೆಗೆ, ತುಳಿದರು. ಆಮೇಲೆ ಮೂರು ದಿನ ಪಿಷ್ಟಾಹಾರ. ಸೂಜಿಯಿಂದ ಸ್ನಾಯುವಿನ ಚೂರು ತೆಗೆದು ನೋಡಿದಾಗ, ದುಡಿದ ಕಾಲಿನಲ್ಲಿ ಗ್ಲೈಕೋಜನ್ ವಿರಮಿಸಿದ ಕಾಲಿನ ಸುಮಾರು ಎರಡರಷ್ಟು ಸೇರಿತ್ತು. ಉಂಡ ಅನ್ನ ಒಂದೇ, ಮನುಷ್ಯ ಒಬ್ಬನೇ; ಆದರೂ ಸಕ್ಕರೆ ದುಡಿದ ಕಾಲನ್ನು ಹುಡುಕಿಕೊಂಡು ಹೋಯಿತು. ಮರುವರ್ಷದ ಪ್ರಯೋಗದಲ್ಲಿ ಪಿಷ್ಟ ಕಡಿಮೆ ತಿಂದವರು ಸೈಕಲ್ ತುಳಿದದ್ದು ಸರಾಸರಿ 57 ನಿಮಿಷ, ಸಾಮಾನ್ಯ ಊಟದವರು 114 ನಿಮಿಷ, ಪಿಷ್ಟ ಹೆಚ್ಚಾಗಿ ತಿಂದವರು 167 ನಿಮಿಷ.

ದುಡಿಯುತ್ತಿರುವಾಗಲೇ ಸಕ್ಕರೆ ಕುಡಿದರೆ? 1986ರಲ್ಲಿ ಅಮೆರಿಕದ ಕಾಯ್ಲ್ ಮತ್ತು ಸಂಗಡಿಗರು ನುರಿತ ಸೈಕಲ್ ಸವಾರರನ್ನು ಪರೀಕ್ಷಿಸಿದರು. ಬರಿಯ ರುಚಿಯ ನೀರು ಕುಡಿದಾಗ 3 ಗಂಟೆಗೆ ಸೋತವರು, ಸಕ್ಕರೆಯ ಸತ್ವವಿರುವ ನೀರು ಕುಡಿದಾಗ 4 ಗಂಟೆ ತುಳಿದರು. ಇಲ್ಲಿ ನಮ್ಮ ಬೆಲ್ಲಕ್ಕೆ ಸಂಬಂಧಿಸಿದ ಒಂದು ಸಂಗತಿಯೂ ಇದೆ. ಕರುಳು ಗ್ಲೂಕೋಸನ್ನು ಒಳಗೆ ಬಿಟ್ಟುಕೊಳ್ಳುವ ಬಾಗಿಲು ಒಂದು, ಹಣ್ಣಿನ ಸಕ್ಕರೆಯಾದ ಫ್ರಕ್ಟೋಸಿನ ಬಾಗಿಲು ಇನ್ನೊಂದು. ಗ್ಲೂಕೋಸನ್ನಷ್ಟೇ ಕುಡಿದರೆ ದೇಹ ಗಂಟೆಗೆ 60 ಗ್ರಾಂ ಉರಿಸಬಲ್ಲುದು. ಎರಡನ್ನೂ ಬೆರೆಸಿ ಕುಡಿದರೆ 90 ಗ್ರಾಂವರೆಗೆ ಏರಬಹುದೆಂದು ಯೂಕೆಂಡ್ರುಪ್ ಮೊದಲಾದವರು 2000ದ ನಂತರ ತೋರಿಸಿದರು. ಕಬ್ಬಿನ ಸಕ್ಕರೆಯೆಂದರೆ ಈ ಎರಡೂ ಜೊತೆಗೂಡಿದ ವಸ್ತು. ಬೆಲೆಬಾಳುವ ಚೀಲಗಳಲ್ಲಿ ಓಟಗಾರರಿಗೆ ಮಾರುವ ಅಂಟಿನಂಥ ಪದಾರ್ಥದ ಸತ್ವವನ್ನು ನಮ್ಮ ಪಾನಕ ಬಹುಮಟ್ಟಿಗೆ ಒಳಗೊಂಡಿದೆ. ಒಂದು ಚಿಟಿಕೆ ಉಪ್ಪು ಸೇರಿದರೆ ಇನ್ನೂ ಸರಿ. ಇನ್ನೊಂದು ವಿಚಿತ್ರವಿದೆ. ಒಂದು ಗಂಟೆಯಷ್ಟರ ಬಿರುಸಾದ ಶ್ರಮದಲ್ಲಿ ಇಂಥ ನೀರನ್ನು ಬಾಯಲ್ಲಿ ಮುಕ್ಕಳಿಸಿ ಉಗುಳಿದರೂ ವೇಗ ಒಂದಿಷ್ಟು ಹೆಚ್ಚಿತೆಂದು 2004ರಲ್ಲಿ ಕಂಡುಬಂದಿತು. ಅನ್ನ ಬರುತ್ತಿದೆಯೆಂಬ ಸುದ್ದಿ ನಾಲಗೆಯಿಂದ ಮಿದುಳಿಗೆ ಮುಟ್ಟಿದರೆ ಕಾಲಿಗೆ ಧೈರ್ಯ ಬರುತ್ತದೆಂದು ತೋರುತ್ತದೆ.

ಇಷ್ಟನ್ನು ಓದಿ, ಅಭ್ಯಾಸಕ್ಕೆ ಹೊರಟಾಗಲೆಲ್ಲ ಸಕ್ಕರೆ ಕುಡಿಯುವುದೇ ಮೇಲೆಂದು ಯಾರಾದರೂ ತೀರ್ಮಾನಿಸಿದರೆ ಅದು ಅವಸರವಾದೀತು. ಪಂದ್ಯ ಬೇರೆ, ಸಾಧನೆ ಬೇರೆ. ಪಂದ್ಯದಲ್ಲಿ ಕೂಡಿಟ್ಟುದನ್ನು ಖರ್ಚುಮಾಡುತ್ತೇವೆ. ಸಾಧನೆಯಲ್ಲಿ ದೇಹಕ್ಕೆ ಪಾಠ ಹೇಳುತ್ತೇವೆ. 2005ರಲ್ಲಿ ಕೋಪನ್‌ಹೇಗನ್ನಿನಲ್ಲಿ ಮತ್ತೆ ಒಂದೊಂದೇ ಕಾಲಿನ ಪ್ರಯೋಗ ನಡೆಯಿತು. ಒಂದು ಕಾಲಿಗೆ ದಿನಕ್ಕೊಮ್ಮೆ ತಾಲೀಮು. ಇನ್ನೊಂದಕ್ಕೆ ದಿನ ಬಿಟ್ಟು ದಿನ ಎರಡು ಸಲ, ಎಂದರೆ ಎರಡನೆಯ ಸಲ ಗ್ಲೈಕೋಜನ್ ಬರಿದಾಗಿರುವಾಗಲೇ. ಹತ್ತು ವಾರಗಳ ಮೇಲೆ ನೋಡಿದರೆ ಕೊರತೆಯಲ್ಲಿ ಕಲಿತ ಕಾಲೇ ಹೆಚ್ಚು ಹೊತ್ತು ತಾಳಿತು. ಸಕ್ಕರೆ ತುಂಬಿರುವಾಗ ಇನ್ಸುಲಿನ್ ಏರಿ, ಕೊಬ್ಬು ಉರಿಯುವುದು ಹಿಂಜರಿಯುತ್ತದೆ. ಸಕ್ಕರೆ ಕಡಿಮೆಯಾದಾಗ ದೇಹ ಕೊಬ್ಬಿನ ಕೋಠಿಯ ಕಿರಿದಾದ ಬಾಗಿಲನ್ನು ಅಗಲಮಾಡಿಕೊಳ್ಳಲು ಕಲಿಯುತ್ತದೆ.

ಹಾಗೆಂದು ಸಕ್ಕರೆ ಪಿಷ್ಟಗಳನ್ನು ಪೂರ್ತಿ ಬಿಟ್ಟವರ ಪಾಡೇನು? ಆಸ್ಟ್ರೇಲಿಯದಲ್ಲಿ ಲೂಯಿಸ್ ಬರ್ಕ್ ಮತ್ತು ಸಂಗಡಿಗರು ಜಗತ್ತಿನ ಉತ್ತಮ ವೇಗನಡಿಗೆಗಾರರನ್ನು ಕೂಡಿಸಿ ಮೂರು ವಾರ ಅಭ್ಯಾಸ ಮಾಡಿಸಿದ ವರದಿ 2017ರಲ್ಲಿ ಪ್ರಕಟವಾಯಿತು. ಕೊಬ್ಬನ್ನೇ ತಿಂದವರು ಕೊಬ್ಬನ್ನು ಉರಿಸುವುದರಲ್ಲಿ ನಿಪುಣರಾದರು. ಆದರೆ ಅದೇ ವೇಗಕ್ಕೆ ಅವರಿಗೆ ಹೆಚ್ಚು ಆಮ್ಲಜನಕ ಬೇಕಾಯಿತು, ಸ್ಪರ್ಧೆಯ ವೇಗ ಏರಲಿಲ್ಲ. ಪಿಷ್ಟ ತಿಂದವರ ವೇಗ ಏರಿತು. ಆದುದರಿಂದ ಈಗಿನ ವಿವೇಕ ಇಷ್ಟು: ಸಣ್ಣ ಸಾಧನೆಗೆ ನೀರು ಸಾಕು, ಕೆಲವು ದಿನ ಕೊರತೆಯೂ ಹಿತ, ಗಂಟೆಗಳು ಉರುಳುವ ಬಿರುಸಿನ ಶ್ರಮಕ್ಕೆ ಸಕ್ಕರೆ ಬೇಕೇ ಬೇಕು.

ದೇಹಕ್ಕೆ ಕೊಡುವುದಕ್ಕೂ ದೇಹದಿಂದ ಬೇಡುವುದಕ್ಕೂ ತೂಕವಿರಬೇಕೆಂಬ ಮಾತು ಬೆಂಗಳೂರಿಗೆ ಹೊಸದಲ್ಲ. ‘ಶಾಂತಲಾ’ ಕಾದಂಬರಿಯ ಕರ್ತೃವೆಂದು ನಾವೆಲ್ಲ ಬಲ್ಲ ಕೆ. ವಿ. ಅಯ್ಯರ್ ಅವರು ಇದೇ ಊರಿನಲ್ಲಿ ಹರ್ಕ್ಯುಲೀಸ್ ವ್ಯಾಯಾಮಶಾಲೆಯನ್ನು ನಡೆಸಿ, ಲೇಖನಿಗೂ ಲೋಡಿಗೂ ವೈರವಿಲ್ಲವೆಂದು ತೋರಿಸಿದವರು. ಪೇಟೆಯ ಗರಡಿಗಳ ಕೆಮ್ಮಣ್ಣಿನಲ್ಲಿಯೂ ಕಲಿಸುತ್ತಿದ್ದುದು ಬರಿಯ ಪಟ್ಟುಗಳನ್ನಲ್ಲ, ದಿನಚರಿಯನ್ನು.

ಆ ದಿನಚರಿ ತಪ್ಪಿದಲ್ಲಿ ಸಕ್ಕರೆಯ ಇನ್ನೊಂದು ಮುಖ ಕಾಣುತ್ತದೆ. ದುಡಿಯುವ ಸ್ನಾಯುವಿಗೆ ರಕ್ತದಿಂದ ಸಕ್ಕರೆಯನ್ನು ಎಳೆದುಕೊಳ್ಳಲು ಇನ್ಸುಲಿನ್ನಿನ ಹಂಗು ಅಷ್ಟಾಗಿ ಬೇಕಿಲ್ಲ. ದುಡಿಮೆಯೇ ಬಾಗಿಲು ತೆರೆಯುತ್ತದೆ. ಕುಳಿತ ಮೈಯಲ್ಲಿ ಆ ಬಾಗಿಲು ಮುಚ್ಚಿಯೇ ಇರುತ್ತದೆ. ಗ್ಲೈಕೋಜನ್ನಿನ ಕೋಠಿ ತುಂಬಿದ ಮೇಲೂ ಬಂದ ಸಕ್ಕರೆ ಕೊಬ್ಬಾಗಬೇಕು, ಇಲ್ಲವೆ ರಕ್ತದಲ್ಲಿ ಅಲೆಯಬೇಕು. ‘ಕೂತು ತಿಂದರೆ ಕುಡಿಕೆ ಹೊನ್ನೂ ಸಾಲದು’ ಎಂದರು ನಮ್ಮ ಹಿರಿಯರು. ಸಕ್ಕರೆಯ ವಿಷಯದಲ್ಲಿ ಗಾದೆ ತಿರುವುಮುರುವಾಗಿದೆ. ಕೂತು ತಿಂದರೆ ಚಮಚ ಸಕ್ಕರೆಯೂ ಹೆಚ್ಚು. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ ಮಧುಮೇಹಿಗಳ ಸಂಖ್ಯೆ ಸುಮಾರು 10 ಕೋಟಿ. ಆಹಾರಕ್ಕೆ ಬೆರೆಸುವ ಸಕ್ಕರೆ ದಿನದ ಶಕ್ತಿಯ ಹತ್ತರಲ್ಲಿ ಒಂದು ಪಾಲನ್ನು ಮೀರಬಾರದು, ಅದರರ್ಧಕ್ಕೆ ಇಳಿದರೆ, ಎಂದರೆ ಸುಮಾರು 25 ಗ್ರಾಂ ಆದರೆ, ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ಬೆಲ್ಲ ನಿರಪಾಯವೆಂಬ ನಂಬಿಕೆ ನಮ್ಮ ಮನೆಗಳಲ್ಲಿ ಬಲವಾಗಿದೆ. ಬೆಲ್ಲದಲ್ಲಿ ಒಂದಿಷ್ಟು ಖನಿಜಾಂಶವಿರಬಹುದು. ಉಳಿದುದೆಲ್ಲ ಬಹುಪಾಲು ಸಕ್ಕರೆಯೇ. ಕ್ರೀಡಾಪಟುಗಳೂ ಇದರಿಂದ ಪೂರ್ತಿ ಪಾರಾದವರಲ್ಲ. 2012ರ ಲಂಡನ್ ಒಲಿಂಪಿಕ್ಸಿನಲ್ಲಿ ಪರೀಕ್ಷಿಸಿದ ಪಟುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಹಲ್ಲು ಹುಳುಕಾಗಿತ್ತು.

ಪೇಟೆಯಲ್ಲಿ ಇಂದಿಗೂ ಎರಡು ಬಗೆಯ ಜನ ಒಂದೇ ಅಂಗಡಿಯ ಚಹ ಕುಡಿಯುತ್ತಾರೆ. ಮೂಟೆ ಹೊತ್ತು, ಕೈಗಾಡಿ ತಳ್ಳಿ ಬಂದ ಹಮಾಲಿಯ ಲೋಟದಲ್ಲಿರುವ ಮೂರು ಚಮಚ ಸಕ್ಕರೆ ಬೀದಿಯ ಕೊನೆ ಮುಟ್ಟುವಷ್ಟರಲ್ಲಿ ಬೆವರಾಗಿ ಹೋಗಿರುತ್ತದೆ. ಗಲ್ಲಾಪೆಟ್ಟಿಗೆಯ ಹಿಂದೆ ಬೆಳಗಿನಿಂದ ಕುಳಿತವನ ಲೋಟದಲ್ಲಿಯೂ ಅಷ್ಟೇ ಸಕ್ಕರೆ. ಅದು ಹೋಗಲು ದಾರಿಯಿಲ್ಲದೆ ಅವನಲ್ಲಿಯೇ ಉಳಿಯುತ್ತದೆ. ಹಮಾಲಿಯ ಪಾಲಿನ ಅನ್ನವನ್ನು ಕಚೇರಿಯ ಕುರ್ಚಿಯಲ್ಲಿ ಕುಳಿತು ಉಣ್ಣುತ್ತಿರುವವರು ನಾವು.

2008ರಿಂದೀಚೆಗೆ ಬೆಂಗಳೂರಿನ ಹತ್ತು ಕಿಲೋಮೀಟರ್ ಓಟಕ್ಕೆ ವರ್ಷವರ್ಷವೂ ಸಾವಿರಾರು ಜನ ಸೇರುತ್ತಿದ್ದಾರೆ. ಸಂತೋಷದ ವಿಷಯ. ಅವರಲ್ಲಿ ಬಹುಮಂದಿಗೆ, ಬೆಳಗಿನ ಮುಕ್ಕಾಲು ಗಂಟೆಯ ಅಭ್ಯಾಸಕ್ಕೆ, ಸಕ್ಕರೆಯ ಯಾವ ಸಹಾಯವೂ ಬೇಡ. ಹಿಂದಿನ ರಾತ್ರಿಯ ಮುದ್ದೆಯೋ ಅನ್ನವೋ ಸ್ನಾಯುವಿನಲ್ಲಿ ಕಾದಿರುತ್ತದೆ. ಎರಡು ಮೂರು ಗಂಟೆ ಓಡುವವರು ಪಾನಕದ ಸೀಸೆಯನ್ನು ನಿಸ್ಸಂಕೋಚವಾಗಿ ಒಯ್ಯಬಹುದು. ಪಂದ್ಯದ ದಿನವೇ ಮೊದಲ ಬಾರಿಗೆ ಕುಡಿಯದೆ, ಮೊದಲೇ ಕರುಳಿಗೆ ಅಭ್ಯಾಸ ಮಾಡಿಸಿರಬೇಕು. ಮಧುಮೇಹವಿದ್ದು ಓಡುವವರು ವೈದ್ಯರನ್ನು ಕೇಳಿಯೇ ಹೊರಡುವುದು ಕ್ಷೇಮ, ಏಕೆಂದರೆ ಅವರಿಗೆ ಸಕ್ಕರೆ ಏರುವುದೂ ಇಳಿಯುವುದೂ ಎರಡೂ ಅಪಾಯ. ಉಳಿದವರು ಮುಂದಿನ ರಾಮನವಮಿಯಂದು ಪಾನಕವನ್ನು ಬೇಡವೆನ್ನಬೇಕಾಗಿಲ್ಲ. ಬಸವನಗುಡಿಯಿಂದಲೋ ಚಾಮರಾಜಪೇಟೆಯಿಂದಲೋ ಪೇಟೆಗೆ ನಡೆದೇ ಬಂದು, ಕುಡಿದು, ನಡೆದೇ ಮನೆಗೆ ಹೋದರಾಯಿತು.